ಏಳನೇ ಪುಟದ ಹಸಿ ಸಾಲು

ದುರುಗೇಶನಿಗೆ, ಅಂದರೆ ನನಗೆ, ಕೋಪ ಬರಲು ಕಾರಣವೇ ಬೇಡ ಎಂದು ನಮ್ಮೂರಿನವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಕಾರಣಗಳು ಪೂರಾ ಎಂಟು ಪುಟ ಇವೆ. ನಾನೇ ಅಕ್ಷರದ ಮೊಳೆ ಜೋಡಿಸಿ, ಅಚ್ಚು ಹಾಕಿ, ಮಡಚಿ, ದಾರ ಹೊಲಿದು, ರಟ್ಟು ಹಚ್ಚಿ ಇಟ್ಟಿದ್ದೇನೆ. ಅನುಮಾನ ಇದ್ದವರು ಯೂನಿವರ್ಸಿಟಿಯ ಅಚ್ಚುಮನೆಗೆ ಬಂದು ನೋಡಬಹುದು. ಹಳೇ ಅಂಗಿ ಹಾಕಿಕೊಂಡು ಬರಬೇಕೆಂದೇನೂ ಇಲ್ಲ. ಈಗ ಅದು ಒಣಗಿದೆ.

ನಮ್ಮೂರಲ್ಲಿ ಅಚ್ಚಿನ ಮಸಿ ಬಿಸಿಲಿಗೆ ಒಣಗುವುದಿಲ್ಲ, ಗಾಳಿಗೂ ಒಣಗುವುದಿಲ್ಲ. ಯಾರಾದರೂ ಓದಿದರೆ ಒಣಗುತ್ತದೆ. ಬರೆದವನು ಓದಿದರೆ ನಡೆಯುವುದಿಲ್ಲ, ಮೊಳೆ ಜೋಡಿಸಿದವನು ಓದಿದರೂ ನಡೆಯುವುದಿಲ್ಲ, ಬೇರೆಯವರೇ ಆಗಬೇಕು. ಓದಿದಷ್ಟು ಒಣಗುತ್ತದೆ, ಕಣ್ಣು ಹಾರಿಸಿದಷ್ಟು ಹಸಿಯಾಗಿಯೇ ಉಳಿಯುತ್ತದೆ. ಮದುವೆ ಕಾಗದ ಕೊಟ್ಟರೆ ಜನ ಮುಹೂರ್ತ ಓದುತ್ತಾರೆ, ಊಟ ಎಲ್ಲಿ ಅಂತ ಓದುತ್ತಾರೆ. ಕೆಳಗೆ ಸುಖಾಗಮನ ಬಯಸುವ ಸೋದರಮಾವಂದಿರ ಸಾಲು ಮಾತ್ರ ವರ್ಷಾನುಗಟ್ಟಲೆ ಹಸಿಯಾಗಿದ್ದು ಸಿಕ್ಕಿದವರ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಯೂನಿವರ್ಸಿಟಿಯ ವಾರ್ಷಿಕ ವರದಿ ಹನ್ನೊಂದು ವರ್ಷದಿಂದ ಆಡಳಿತ ಕಟ್ಟಡದ ಹಿಂದಿನ ಪಡಸಾಲೆಯಲ್ಲಿ ಹಗ್ಗದ ಮೇಲೆ ನೇತಾಡುತ್ತಿದೆ. ಒಮ್ಮೆ ರಿಜಿಸ್ಟ್ರಾರರೇ ಓದಿ ಮುಗಿಸುತ್ತೇನೆಂದು ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಎರಡನೇ ಪುಟಕ್ಕೇ ಅವರಿಗೆ ಸೊಂಟ ಹಿಡಿಯಿತು.

ನಾನು ಅಚ್ಚುಮನೆ ಸೇರಿದ್ದೂ ಈ ಮಸಿಯಿಂದಲೇ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಂಬತ್ತು ವರ್ಷ ಮಾವನ ಗುಜರಿ ಅಂಗಡಿಯಲ್ಲಿ ಒಡೆದ ಬಾಟಲಿ ಬೇರೆ, ಒಡೆಯದ ಬಾಟಲಿ ಬೇರೆ ಮಾಡುತ್ತ ಕೂತಿದ್ದೆ. ಅಂಗಡಿಯ ಗೋಡೆಗೆ ಯೂನಿವರ್ಸಿಟಿಯವರು ಒಂದು ನೋಟಿಸು ಅಂಟಿಸಿ ಹೋಗಿದ್ದರು: ಹಳೇ ಕಾಲದ ಮೊಳೆ ಅಚ್ಚು, ಪುಸ್ತಕ ಕಟ್ಟುವ ಕೆಲಸ, ಒಂದು ವರ್ಷ ಕಲಿಸುತ್ತೇವೆ. ಮೇಲಿನ ಆರು ಸಾಲು ಒಣಗಿತ್ತು. ಏಳನೆಯದು ಥಳಥಳ ಹೊಳೆಯುತ್ತಿತ್ತು. ಅಲ್ಲಿತನಕ ಯಾರೂ ಓದಿರಲಿಲ್ಲ. ‘ಶಾಲೆ ಬಿಟ್ಟವರಿಗೂ ಒಂದು ಜಾಗ ಉಂಟು’ ಎಂದಿತ್ತು. ನಾನು ಓದುತ್ತಿದ್ದಂತೆ ಕಣ್ಣೆದುರೇ ಒಣಗಿತು. ಆ ಜಾಗಕ್ಕೆ ಅರ್ಜಿ ಹಾಕಿದವನು ನಾನೊಬ್ಬನೇ. ಬುದ್ಧಿವಂತ ಎಂದು ನನ್ನನ್ನು ತೆಗೆದುಕೊಂಡರು ಅಂತ ಮಾವನಿಗೆ ಹೇಳಿದೆ. ಮಾವ, “ಬೇರೆ ಯಾರೂ ಬಂದಿರಲ್ಲ ಬಿಡು” ಅಂದ. ನನಗೆ ಕೋಪ ಬಂತು. ಮಾವ ಪುಸ್ತಕದ ಎರಡನೇ ಪುಟದಲ್ಲಿದ್ದಾನೆ.

ಅಚ್ಚುಮನೆ ಎಂದರೆ ಗಣಿತ ವಿಭಾಗದ ಹಿಂದಿನ ಉದ್ದನೆಯ ಹಾಲು. ಕಲಿಯುವವರು ಹನ್ನೆರಡು ಮಂದಿ, ಹನ್ನೊಂದು ಮಂದಿ ಎಂ.ಎ. ಮಾಡಿದವರು. ಕಲಿಸುವವರು ದಸ್ತಗೀರ ಸಾಹೇಬರು. ಊರಿನ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿ, ಪುಸ್ತಕ ಹೊಲಿದು ಬಂದವರು. ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಆಯುಷ್ಯ ಕಳೆದಿದ್ದರಿಂದ ಬಾಯಿ ಪೂರ್ತಿ ತೆರೆಯದೆ ಮಾತಾಡುವ ಅಭ್ಯಾಸ. ಮೊದಲ ದಿನ ಒಂದು ಸೀಸದ ಮೊಳೆಯನ್ನು ಬೆಳಕಿಗೆ ಹಿಡಿದು, “ಅಕ್ಷರ ಇಲ್ಲಿ ಕನ್ನಡಿಯೊಳಗೆ ನಿಂತ ಹಾಗೆ ನಿಂತಿರುತ್ತೆ, ಅದೂ ತಲೆಕೆಳಗಾಗಿ. ಮೊದಲು ನೀವು ಓದಿದ್ದನ್ನ ಮರೀಬೇಕು” ಅಂದರು. ಎಂ.ಎ.ಗಳು ಮರೆಯಲು ತಿಂಗಳು ತೆಗೆದುಕೊಂಡರು. ನನಗೆ ಮರೆಯಲು ಹೆಚ್ಚೇನೂ ಇರಲಿಲ್ಲ. ಒಂಬತ್ತೇ ದಿನದಲ್ಲಿ ಮೊಳೆ ತುಂಬಿಡುವ ಕೇಸಿನ ಯಾವ ಮನೆಯಲ್ಲಿ ಯಾವ ಅಕ್ಷರ, ಯಾವ ಮೂಲೆಯಲ್ಲಿ ಯಾವ ಒತ್ತು ಎಂದು ಕಣ್ಣು ಮುಚ್ಚಿ ಕೈ ಹಾಕುವಷ್ಟಾದೆ. ಹುಟ್ಟಿದ ಮೇಲೆ ಮೊದಲ ಸಲ ಒಂದು ಕೋಣೆಯಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ.

ಆವಾಗಲೇ ನಿರಂಜನ ಎಂಬ ಎಂ.ಎ. ಬಂದು, “ನೀವು ಎಂಟನೇ ಕ್ಲಾಸಂತೆ, ಹೌದಾ?” ಎಂದು ಕೇಳಿದ. ಸುಮ್ಮನೆ ಕೇಳಿದ್ದಿರಬೇಕು. ನಾನು ಮುಂದಿದ್ದ ಮೊಳೆ ತಟ್ಟೆಯನ್ನು ಕುಟ್ಟಿದೆ. ನಾಲ್ಕು ಪುಟದ ಮೊಳೆಗಳು ನೆಲಕ್ಕೆ ಚೆಲ್ಲಿ ಹಾಲಿನ ತುಂಬ ಉರುಳಿದವು. ದಸ್ತಗೀರ ಸಾಹೇಬರು ಬೈಯಲಿಲ್ಲ. ಒಂದು ಮಣೆ ತಂದು ನನ್ನ ಪಕ್ಕ ಇಟ್ಟರು.

“ಚೆಲ್ಲಿದ್ದಾಯ್ತಲ್ಲಪ್ಪ, ಈಗ ಕೂತ್ಕೊಂಡು ಆರಿಸು. ಕೋಪ ಬಂದಾಗ ಒಂದು ಮಾತು ನೆನಪಿಟ್ಕೊ. ಕುಟ್ಟೋಕೆ ಒಂದು ಕ್ಷಣ, ಆರಿಸೋಕೆ ಎರಡು ದಿನ.”

ಎರಡೂವರೆ ದಿನ ಹಿಡಿಯಿತು.

ವರ್ಷದ ಕೊನೆಗೆ ಪರೀಕ್ಷೆ. ಪ್ರತಿಯೊಬ್ಬರೂ ತಾವೇ ಬರೆದ ಎಂಟು ಪುಟದ ಪುಸ್ತಕ ಅಚ್ಚು ಹಾಕಿ ಕಟ್ಟಿ ತರಬೇಕು, ಒಂದು ಅಕ್ಷರವೂ ಹಸಿ ಇರಬಾರದು. ಅಚ್ಚುಮನೆಯವರು ಓದಿ ಒಣಗಿಸುವಂತಿಲ್ಲ, ಮನೆಯವರೂ ಓದುವಂತಿಲ್ಲ. ಊರಿನವರೇ ಓದಬೇಕು. ಪರೀಕ್ಷಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬೆರಳಿಗೆ ಬಿಳಿ ಮಲ್ಲು ಬಟ್ಟೆ ಸುತ್ತಿಕೊಂಡು ಪುಟಪುಟವನ್ನೂ ಸವರುತ್ತಾರೆ. ಕಣ್ಣು ಬಿಟ್ಟುಕೊಂಡರೆ ಅವರೇ ಓದಿ ಒಣಗಿಸಿಬಿಡುತ್ತಾರಲ್ಲ, ಅದಕ್ಕೆ. ಉಳಿದವರಿಗೆ ಇದೊಂದು ಸರ್ಟಿಫಿಕೇಟು. ನನಗೆ ಹಾಗಲ್ಲ. ಅಚ್ಚಿನ ಯಂತ್ರ ನಡೆಸುವ ಮರಿದೇವರು ಅದೇ ತಿಂಗಳು ನಿವೃತ್ತಿಯಾಗುವವರಿದ್ದರು.

“ಪುಸ್ತಕ ಒಣಗಿದ್ರೆ ಅವರ ಜಾಗ ನಿನಗೆ. ನಾನು ಬರೆದು ಕೊಟ್ಟಾಗಿದೆ. ಒಣಗಲಿಲ್ಲ ಅಂದ್ರೆ ನನ್ನ ಕೈಲೇನೂ ಇಲ್ಲ” ಅಂದರು ದಸ್ತಗೀರ ಸಾಹೇಬರು.

ಒಣಗದಿದ್ದರೆ ಒಡೆದ ಬಾಟಲಿ ಬೇರೆ, ಒಡೆಯದ ಬಾಟಲಿ ಬೇರೆ.

ನನ್ನ ಪುಸ್ತಕದ ಹೆಸರು ‘ನನಗೆ ಅನ್ಯಾಯ ಮಾಡಿದವರು’. ಕೈಬರಹ ಓದಿ ದಸ್ತಗೀರ ಸಾಹೇಬರು ಕನ್ನಡಕ ತೆಗೆದರು. “ಇದು ಪುಸ್ತಕಾನೋ, ಪೊಲೀಸ್ ಕಂಪ್ಲೇಂಟೋ?” ಎಂದು ಕೇಳಿದರು. ನಾನು ಜೋಡಿಸಲು ಕೂತೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಕೇಸಿನಲ್ಲಿ ‘ನ’ ಅಕ್ಷರದ ಮೊಳೆಗಳು ಮುಗಿದುಹೋದವು. ನಾನು, ನನ್ನ, ನನಗೆ, ನನ್ನನ್ನು. ಪಕ್ಕದ ಕೇಸಿಂದ ಸಾಲ ತಂದೆ, ಅದೂ ಮುಗಿಯಿತು.

“ನಲವತ್ತು ವರ್ಷದಲ್ಲಿ ಪಂಚಾಂಗ ಜೋಡಿಸಿದೀನಿ, ಚುನಾವಣೆ ಕರಪತ್ರ ಜೋಡಿಸಿದೀನಿ. ‘ನ’ ಖಾಲಿ ಮಾಡಿದವನನ್ನ ನೋಡಿದ್ದು ಇದೇ ಮೊದಲು” ಅಂದರು ಸಾಹೇಬರು. “ಇರೋ ಮೊಳೆಯಲ್ಲಿ ಅರ್ಧ ಅಚ್ಚು ಹಾಕು. ಅದು ಒಣಗಿದ ಮೇಲೆ ಮೊಳೆ ಬಿಚ್ಚಿ ಇನ್ನರ್ಧ ಜೋಡಿಸು.”

ಹೇಗೂ ಹಾಳೆಯ ಒಂದು ಬದಿಗೆ ನಾಲ್ಕು ಪುಟ, ಇನ್ನೊಂದು ಬದಿಗೆ ನಾಲ್ಕು. ಮಡಚಿದ ಮೇಲಷ್ಟೇ ಅದು ಪುಸ್ತಕದ ಕ್ರಮಕ್ಕೆ ಬರುವುದು. ಮಡಚುವ ಮೊದಲು ಒಂದನೇ ಪುಟದ ಪಕ್ಕ ಎಂಟನೆಯದು ಇರುತ್ತದೆ, ಅವುಗಳ ಮೇಲೆ ನಾಲ್ಕು ಮತ್ತು ಐದು ತಲೆಕೆಳಗಾಗಿ ಮಲಗಿರುತ್ತವೆ. ಹಸಿ ಹಾಳೆಯನ್ನು ಮಡಚುವಂತಿಲ್ಲವಾದ್ದರಿಂದ ನಮ್ಮೂರಿನವರು ಓದುವುದೇ ಹೀಗೆ: ಮೊದಲ ಪುಟ ಆದಮೇಲೆ ಕೊನೆಯದು, ಆಮೇಲೆ ಹಲಗೆಯ ಆ ಕಡೆ ಹೋಗಿ ನಡುವಿನದು. ಕೊನೆ ಏನಾಯಿತೆಂದು ಗೊತ್ತಿಲ್ಲದೆ ಕಥೆಯ ನಡು ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಜಗಳವನ್ನೂ ಹಾಗೇ ಹೇಳುತ್ತಾರೆ. ಮೊದಲು ಯಾರು ಶುರು ಮಾಡಿದರು, ಆಮೇಲೆ ಯಾರ ತಲೆ ಒಡೆಯಿತು, ಯಾಕೆ ಎನ್ನುವುದು ಕೊನೆಗೆ.

ಅಚ್ಚುಮನೆಯಲ್ಲಿ ಸಂಬಳಕ್ಕೆ ಓದುವವರು ನಾಗವೇಣಕ್ಕ. ಟೆಂಡರು, ಸುತ್ತೋಲೆ, ಭೂಗರ್ಭಶಾಸ್ತ್ರದ ಪಠ್ಯ ಎಲ್ಲವನ್ನೂ ಓದಿ ಒಣಗಿಸುವುದೇ ಅವರ ಕೆಲಸ. ಇಲ್ಲಿಯ ಅರ್ಧ ಡಾಕ್ಟರೇಟುಗಳು ತನಗೇ ಬರಬೇಕಿತ್ತು ಎನ್ನುತ್ತಾರೆ. ನನ್ನ ಹಾಳೆಯನ್ನು ಅವರು ಓದುವಂತಿರಲಿಲ್ಲ. ಬೆನ್ನು ತಿರುಗಿಸಿ ಕೂತುಕೊಂಡೇ ಬುದ್ಧಿ ಹೇಳಿದರು.

“ಊರಿನವರ ಹೆಸರು ಹಾಕಿದೀಯೇನೋ?”

“ಹಾಕಿದೀನಿ.”

“ಹೊಗಳಿದೀಯಾ, ಬೈದಿದೀಯಾ?”

“ಬೈದಿದೀನಿ.”

“ಹಂಗಾದ್ರೆ ಓದ್ತಾರೆ ಬಿಡು.”

ಅವರು ಹೇಳಿದ ಹಾಗೇ ಆಯಿತು. ಹಾಳೆಯನ್ನು ಹಲಗೆಗೆ ಮೊಳೆ ಹೊಡೆದು, ತಲೆಯ ಮೇಲೆ ಹೊತ್ತುಕೊಂಡು ಊರಿಗೆ ಇಳಿದೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಗೋಪಣ್ಣ ತನ್ನ ಪುಟವನ್ನು ನಿಂತಲ್ಲೇ ಓದಿ ಮುಗಿಸಿದ. ಹನ್ನೆರಡು ವರ್ಷದ ಹುಡುಗನನ್ನು ಇಳಿಸಲು ಬಸ್ಸು ನಿಲ್ಲಿಸದೆ ಮುಂದಿನ ಊರಿಗೆ ಒಯ್ದ ಪಾಪಿ ಎಂದು ಬರೆದಿದ್ದೆ. “ಆವತ್ತು ಬ್ರೇಕೇ ಹಿಡೀತಿರಲಿಲ್ಲ ಕಣೋ, ನಾನೂ ಅಲ್ಲೇ ಇಳೀಬೇಕಿತ್ತು” ಅಂದ. ಹೋಟೆಲಿನ ವೆಂಕಟರಮಣ ಭಟ್ಟರು ಅವರ ಇಡ್ಲಿಯ ಬಗ್ಗೆ ನಾನು ಬರೆದದ್ದನ್ನು ಎರಡು ಸಲ ಓದಿ ಮುಖ ಕೆಂಪಗೆ ಮಾಡಿಕೊಂಡರು. ಪಕ್ಕದ ಸೈಕಲ್ ಶಾಪಿನವನ ಬಗ್ಗೆಯೂ ಇದೆ ಎಂದಾಗ ಮುಖ ತಿಳಿಯಾಗಿ, ಹಲಗೆಯ ಆ ಕಡೆ ಹೋಗಿ ಅದನ್ನೂ ಓದಿದರು. ನನಗೆ ತಿಳಿದದ್ದು ಇಷ್ಟು: ಜನ ತಮ್ಮನ್ನು ಬೈದದ್ದನ್ನು ಓದುತ್ತಾರೆ, ಪಕ್ಕದವರನ್ನು ಬೈದದ್ದನ್ನು ಅದಕ್ಕಿಂತ ಗಮನ ಕೊಟ್ಟು ಓದುತ್ತಾರೆ. ಮೂರೇ ದಿನದಲ್ಲಿ ಮೊದಲ ಬದಿ ಒಣಗಿತು. ಒಬ್ಬರಾದರೂ ನನ್ನೊಡನೆ ಜಗಳಕ್ಕೆ ಬಂದಿದ್ದರೆ ಸಮಾಧಾನವಾಗುತ್ತಿತ್ತು. ಎಲ್ಲರೂ “ಚೆನ್ನಾಗಿ ಬರೆದಿದೀಯ” ಅಂದರು. ಕೋಪ ಇನ್ನೂ ಹೆಚ್ಚಾಯಿತು.

ಎರಡನೇ ಬದಿಯಲ್ಲಿ ಮೂರು ಪುಟ ಹೀಗೆಯೇ ಆದವು. ಏಳನೆಯದು ಆಗಲಿಲ್ಲ.

ಏಳನೇ ಪುಟ ಚನ್ನವೀರಯ್ಯ ಮಾಸ್ತರದ್ದು. ನಾನು ಶಾಲೆ ಬಿಡಲು ಕಾರಣರಾದವರು ಅವರು. ಉಳಿದ ಏಳು ಪುಟ ಬರೆದದ್ದೇ ಇದೊಂದನ್ನು ಬರೆಯುವ ಧೈರ್ಯಕ್ಕೆ ಎಂದು ಈಗ ಅನಿಸುತ್ತದೆ. ಊರಿನ ಅರ್ಧ ಜನ ಅವರ ಕೈಯಲ್ಲಿ ಅಕ್ಷರ ಕಲಿತವರು. ಮೊದಲ ಎರಡು ಸಾಲು ಓದಿ, ಯಾರ ವಿಷಯ ಎಂದು ಗೊತ್ತಾದ ಕೂಡಲೇ, “ನಮ್ಮ ಮೇಷ್ಟ್ರು ಕಣೋ, ಬೇಡ ಬಿಡು” ಎಂದು ಹಲಗೆ ವಾಪಸು ಕೊಟ್ಟರು. ಭಟ್ಟರು ಓದುವ ಬದಲು ತಾವು ಅವರಿಂದ ತಿಂದ ಏಟುಗಳನ್ನು ಪ್ರೀತಿಯಿಂದ ಎಣಿಸತೊಡಗಿದರು. ಮರುದಿನ ಹನ್ನೊಂದಕ್ಕೆ ಪರೀಕ್ಷೆ. ಮಡಚಿ, ಹೊಲಿದು, ಮೈದಾ ಅಂಟು ಹಾಕಿ, ರಟ್ಟು ಕೂರಿಸಿ, ಭಾರದ ಕೆಳಗಿಡಲು ಒಂದು ಸಂಜೆಯಾದರೂ ಬೇಕು. ಮಧ್ಯಾಹ್ನ ಎರಡಾಗಿತ್ತು. ಏಳನೇ ಪುಟದಲ್ಲಿ ಎರಡು ಸಾಲು ಬಿಟ್ಟರೆ ಉಳಿದದ್ದೆಲ್ಲ ಹೊಳೆಯುತ್ತಿತ್ತು.

“ಯಾರ ಹೆಸರಿದೆಯೋ ಅವರ ಹತ್ರಾನೇ ಹೋಗೋ ಮಾರಾಯ” ಅಂದರು ನಾಗವೇಣಕ್ಕ, ಬೆನ್ನು ತಿರುಗಿಸಿಕೊಂಡೇ. “ಹತ್ತು ವರ್ಷದಿಂದ ಬೈತಿದೀಯ. ಅವರ ಕಿವಿಗೇ ಬಿದ್ದಿಲ್ಲ ಅಂದ್ರೆ ಅದೆಂಥಾ ಬೈಗಳು?”

ಹಲಗೆ ಹೊತ್ತು ಹೋದೆ. ಮಾಸ್ತರು ಮನೆ ಮುಂದಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಕಂಡ ಮಾಸ್ತರು ಬಾಗಿಲೆತ್ತರದವರು. ಇವರು ಎದ್ದು ನಿಂತರೂ ನನ್ನ ಭುಜಕ್ಕೆ ಬರುವಷ್ಟಿದ್ದರು.

“ಯಾರು?”

“ಗುಜರಿ ಅಂಗಡಿ ದುರುಗೇಶ, ಸಾರ್.”

ಅವರು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. ಆಮೇಲೆ, “ಏನು ಹೊತ್ಕೊಂಡು ಬಂದಿದೀಯ, ಇಳಿಸು” ಅಂದರು.

ಇಳಿಸಿದೆ. “ನಿಮ್ಮ ಬಗ್ಗೆ ಇದೆ. ಏಳನೇ ಪುಟ. ನೀವು ಓದಿದ್ರೆ ನನ್ನ ಪುಸ್ತಕ ಒಣಗುತ್ತೆ, ಒಣಗಿದ್ರೆ ನನಗೆ ಕೆಲಸ ಸಿಗುತ್ತೆ. ಕೋಪ ಬಂದ್ರೆ ಬಯ್ರಿ. ಓದಿಬಿಟ್ಟು ಬಯ್ರಿ” ಅಂದೆ. ದಾರಿಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾತು ಜೋಡಿಸಿಕೊಂಡು ಹೋಗಿದ್ದೆ.

ಆ ಪುಟದಲ್ಲಿದ್ದದ್ದು ಇದು. ನಮ್ಮ ಶಾಲೆಯಲ್ಲಿ ಪಾಠದ ಪುಸ್ತಕಗಳು ಪುಟಗಳ ನಡುವೆ ಎಣ್ಣೆ ಕಾಗದ ಇಟ್ಟುಕೊಂಡು ಹಸಿಹಸಿಯಾಗಿ ಬರುತ್ತವೆ. ಮಕ್ಕಳು ಓದಿದ ಹಾಗೆ ಎಣ್ಣೆ ಕಾಗದ ಕಿತ್ತು ಗಾಳಿಪಟ ಮಾಡುತ್ತಾರೆ. ವರ್ಷದ ಕೊನೆಗೆ ಮಾಸ್ತರು ಪ್ರತಿ ಪುಸ್ತಕವನ್ನೂ ಬೆರಳಿಂದ ಮುಟ್ಟಿ ನೋಡುತ್ತಾರೆ. ಒಣಗಿದ್ದರೆ ಪಾಸು. ಹೊಸ ಪುಸ್ತಕ ಇಲ್ಲದ ನನ್ನಂಥವರು ಬೇರೆಯವರು ಓದಿ ಬಿಟ್ಟ ಪುಸ್ತಕ ಓದುತ್ತಿದ್ದೆವು. ಅದು ಮೊದಲೇ ಒಣಗಿರುತ್ತದಲ್ಲ, ಅದಕ್ಕೆ ಬಾಯಲ್ಲಿ ಮೂರು ಪ್ರಶ್ನೆ ಕೇಳುವುದು ಪದ್ಧತಿ. ನನ್ನ ವಿಜ್ಞಾನದ ಪುಸ್ತಕ ಪುರಸಭೆ ಅಧ್ಯಕ್ಷರ ಮಗ ಲೋಹಿತನದು. ಅವನು ಪಾಸಾದ ಮೇಲೆ ರದ್ದಿಗೆ ಬಂದದ್ದು. ನನ್ನ ಸರದಿ ಬಂದಾಗ ಮಾಸ್ತರು ಪ್ರಶ್ನೆ ಕೇಳುವ ಮೊದಲೇ ನಾನು ಜಂಬದಿಂದ, “ಸಾರ್, ಕೊನೇ ಮೂರು ಪಾಠ ಹಸಿ ಇತ್ತು, ನಾನೇ ಒಣಗಿಸಿದೆ” ಅಂದೆ. ಅವರು ನನ್ನನ್ನು ನೋಡಿದರು. “ಸುಳ್ಳುಗಾರ” ಅಂದರು. “ಗುಜರಿಯಿಂದ ಬಂದದ್ದು ಗುಜರಿಗೇ ಹೋಗಲಿ” ಅಂದರು. ಪ್ರಶ್ನೆ ಕೇಳಲೇ ಇಲ್ಲ. ನಾನು ಪುಸ್ತಕವನ್ನು ಕಿಟಕಿಯಿಂದ ಹೊರಗೆ ಎಸೆದೆ, ಹಿಂದೆಯೇ ನಾನೂ ಹೋದೆ. ಬಾಗಿಲಿಂದ ಹೋದೆ, ಆದರೆ ಪುಸ್ತಕದಲ್ಲಿ ಕಿಟಕಿಯಿಂದ ಹಾರಿದೆ ಎಂದು ಬರೆದಿದ್ದೇನೆ.

ಮಾಸ್ತರು ಕೈಯನ್ನು ಪಂಚೆಗೆ ಒರೆಸಿಕೊಂಡು, ಕನ್ನಡಕ ಹಾಕಿ, ಹಲಗೆಯ ಮೇಲೆ ಬಾಗಿದರು. ಬೆರಳನ್ನು ಕಾಗದಕ್ಕೆ ತಾಗಿಸದೆ ಒಂದಂಗುಲ ಮೇಲೆ ಹಿಡಿದು ಸಾಲುಸಾಲಾಗಿ ಓದಿದರು. ನಾನು ಎಲ್ಲ ಬೈಗಳನ್ನೂ ಅವರ ಮುಖದ ಮೇಲೆ ಹುಡುಕುತ್ತ ನಿಂತಿದ್ದೆ. ‘ಕಲ್ಲೆದೆಯವನು’ ಒಣಗಿತು. ‘ಬಡವರ ಶನಿ’ ಒಣಗಿತು. ‘ಕೋಲು ಹಿಡಿದ ಹೆಬ್ಬಾವು’ ಎನ್ನುವಲ್ಲಿ ಅವರ ಬೆರಳು ನಿಂತಿತು.

“ಹೆಬ್ಬಾವು ಕೋಲು ಹಿಡಿಯೋದು ಹೇಗಪ್ಪ?”

“ಸಿಟ್ಟಲ್ಲಿ ಬರೆದದ್ದು ಸಾರ್.”

“ಅದು ಕಾಣುತ್ತೆ.”

ಕೊನೆಯವರೆಗೆ ಓದಿ, “ಆಯ್ತು, ತಗೊಂಡು ಹೋಗು” ಅಂದರು. ಅವರೆಕಾಯಿ ಬುಟ್ಟಿ ಹತ್ತಿರ ಎಳೆದುಕೊಂಡರು.

ಹಲಗೆ ಎತ್ತುವ ಮೊದಲು ಅಚ್ಚುಮನೆಯ ಅಭ್ಯಾಸದಂತೆ ಬೆಳಕಿಗೆ ಓರೆ ಹಿಡಿದು ನೋಡಿದೆ. ಪುಟ ಪೂರ್ತಿ ಮಂಕಾಗಿತ್ತು, ಒಂದು ಸಾಲು ಬಿಟ್ಟು. ಅದು ಮಾತ್ರ ಎಣ್ಣೆ ಹಚ್ಚಿದ ಜಡೆಯ ಹಾಗೆ ಹೊಳೆಯುತ್ತಿತ್ತು.

ನನ್ನ ಮೊದಲ ಯೋಚನೆ, ‘ಗುಜರಿಗೇ ಹೋಗಲಿ’ ಎಂಬ ಸಾಲಿರಬೇಕು, ತಾವೇ ಆಡಿದ ಮಾತು ಓದಲು ನಾಚಿಕೆಯಾಗಿರಬೇಕು ಅಂತ. ಬಗ್ಗಿ ನೋಡಿದೆ. ಅದು ಒಣಗಿತ್ತು. ‘ಸುಳ್ಳುಗಾರ’ ಕೂಡ ಒಣಗಿತ್ತು. ಹಸಿಯಾಗಿ ಉಳಿದದ್ದು ಬೈಗಳೇ ಅಲ್ಲ. ಇಡೀ ಪುಟದಲ್ಲಿ ನಾನು ಕೋಪವಿಲ್ಲದೆ ಬರೆದ ಒಂದೇ ಸಾಲು: ‘ಕೊನೆಯ ಮೂರು ಪಾಠ ಹಸಿಯಿದ್ದವು, ನಾನೇ ಓದಿ ಒಣಗಿಸಿದೆ.’

“ಸಾರ್, ಒಂದು ಸಾಲು ಉಳಿದಿದೆ.”

“ನನಗೆ ಕಣ್ಣು ಮೊದಲಿನ ಹಾಗಿಲ್ಲ.”

ಮೇಲಿನ ಸಾಲು ಕಂಡ, ಕೆಳಗಿನ ಸಾಲು ಕಂಡ ಕಣ್ಣಿಗೆ ನಡುವಿನದು ಕಾಣಲಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಕೇಳುವ ಮೊದಲೇ ಹೊಳೆಯಿತು. ಲೋಹಿತನ ಪುಸ್ತಕ ಹಸಿ ಇತ್ತು ಅಂದರೆ ಅವನು ಓದಿರಲಿಲ್ಲ. ಓದದೆಯೂ ಪಾಸಾಗಿದ್ದ. ಪಾಸು ಮಾಡಿದವರು ಇವರೇ, ಬೆರಳಿಂದ ಮುಟ್ಟಿ ನೋಡಿ. ನಾನು ಆವತ್ತು ಹೇಳಿದ್ದು ನಿಜ ಎಂದು ಆ ಕ್ಲಾಸಿನಲ್ಲಿ ಗೊತ್ತಿದ್ದವರು ಇಬ್ಬರೇ. ನಾನೊಬ್ಬ, ಅವರೊಬ್ಬರು.

“ನಿಮಗೆ ಗೊತ್ತಿತ್ತು” ಅಂದೆ.

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆಯನ್ನು ಕಾಳಿನ ಪಾತ್ರೆಗೆ, ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದರು.

“ಅಧ್ಯಕ್ಷರು ಆಗ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡ್ತಿದ್ರು” ಅಂದರು. “ಅವನ ಪುಸ್ತಕ ಮುಟ್ಟಿದಾಗ ಬೆರಳಿಗೆ ಮಸಿ ಹತ್ತಿತು. ಹೋಗಿ ತೊಳ್ಕೊಂಡು ಬಂದೆ. ಅಷ್ಟೇ. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ವರ್ಷ ಕಳೆದು ನೀನು ಅದೇ ಪುಸ್ತಕ ಹಿಡ್ಕೊಂಡು ಬಂದು, ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದೆ.”

“ಮೂರು ಪ್ರಶ್ನೆ ಕೇಳಿದ್ರೆ ಸಾಕಿತ್ತಲ್ಲ ಸಾರ್.”

“ಕೇಳಿದ್ರೆ ನೀನು ಉತ್ತರ ಹೇಳ್ತಿದ್ದೆ. ಅದಕ್ಕೇ ಕೇಳಲಿಲ್ಲ.”

ಹತ್ತು ವರ್ಷ ಅವರನ್ನು ದಡ್ಡರು, ಕಲ್ಲೆದೆಯವರು ಎಂದುಕೊಂಡು ಕೋಪ ಮಾಡಿಕೊಂಡಿದ್ದೆ. ಆ ಕೋಪಕ್ಕೆ ಅಳತೆ ಇತ್ತು, ಆಕಾರ ಇತ್ತು, ರಾತ್ರಿ ಹೊದ್ದು ಮಲಗುವಷ್ಟು ಅಭ್ಯಾಸವಾಗಿತ್ತು. ಅವರು ದಡ್ಡರಲ್ಲ, ಬರೀ ಹೆದರಿದವರು ಎಂದು ಗೊತ್ತಾದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕುಟ್ಟಲು ಅಲ್ಲಿ ಅವರೆಕಾಯಿ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಆರಿಸುವುದೂ ನನ್ನ ಪಾಲಿಗೇ ಬರುತ್ತದೆ ಎಂದು ಸುಮ್ಮನಾದೆ.

ಮಾಸ್ತರು ಹಲಗೆಯ ಹತ್ತಿರ ಬಂದರು. ಹೆಬ್ಬೆರಳನ್ನು ಆ ಸಾಲಿನ ಮೇಲೆ, ಇನ್ನೇನು ತಾಗುವಷ್ಟು ಹತ್ತಿರ ಹಿಡಿದರು.

“ಹಸಿ ಇದೆಯಲ್ಲ, ಒರೆಸಿದ್ರೆ ಹೋಗುತ್ತೆ. ಓದಿದ್ರೆ ಆಮೇಲೆ ಯಾರಿಂದ್ಲೂ ಅಳಿಸೋಕಾಗಲ್ಲ. ಅಲ್ವಾ?”

“ಹೌದು ಸಾರ್.”

“ಬೀದಿಯಲ್ಲಿ ಹೋಗೋ ಯಾರನ್ನಾದ್ರೂ ನಿಲ್ಲಿಸಿ ಓದಿಸಬಹುದು ನೀನು. ಒಂದೇ ಸಾಲು. ಅವರಿಗೆ ಅರ್ಥಾನೂ ಆಗಲ್ಲ.”

ನಿಜ. ಎದುರಿಗೇ ಹೂ ಮಾರುವ ಹೆಂಗಸು ಹೋಗುತ್ತಿದ್ದಳು. ಕರೆದಿದ್ದರೆ ಒಂದು ಉಸಿರಿನಲ್ಲಿ ಕೆಲಸ ಮುಗಿಯುತ್ತಿತ್ತು. ಕರೆಯಲಿಲ್ಲ. ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. “ನೀವು ಓದೋದಾದ್ರೆ ಓದಿ ಸಾರ್, ಇಲ್ಲಾಂದ್ರೆ ಒರೆಸಿ” ಅಂದೆ. “ಒರೆಸಿದ್ರೆ ನಾಳೆಯಿಂದ ನಾನು ಬಾಟಲಿ ಆರಿಸೋಕೆ ಹೋಗ್ತೀನಿ. ನನಗೆ ಆ ಕೆಲಸ ಬರುತ್ತೆ.” ಹೇಳಿ ಕಟ್ಟೆಯ ಮೇಲೆ ಕೂತು, ಬೇರೆ ಕೆಲಸವಿಲ್ಲದೆ, ಅವರು ತಪ್ಪಾಗಿ ಹಾಕಿದ್ದ ಕಾಳುಗಳನ್ನು ಸಿಪ್ಪೆಯಿಂದ ಆರಿಸತೊಡಗಿದೆ.

ಒಳಗಿಂದ ಅವರ ಹೆಂಡತಿ ಎರಡು ಲೋಟ ಮಜ್ಜಿಗೆ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ, ಒಳಗೆ ಹೋದರು. ನಾನು ನನ್ನ ಲೋಟ ಮುಗಿಸಿದೆ. ಆಮೇಲೆ ಅವರದನ್ನೂ ಮುಗಿಸಿದೆ. ಮಾಸ್ತರು ಬೆರಳು ಹಿಂದಕ್ಕೆ ತೆಗೆದುಕೊಂಡು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕ್ಲಾಸಿನಲ್ಲಿ ಹುಡುಗರಿಂದ ಓದಿಸುವಾಗ ಓದುತ್ತಿದ್ದ ಹಾಗೆ, ಬಿಡಿಬಿಡಿಯಾಗಿ, ಗಟ್ಟಿಯಾಗಿ ಓದಿದರು. “ಕೊನೆಯ ಮೂರು ಪಾಠ ಹಸಿಯಿದ್ದವು.” ಅಲ್ಲಿ ನಿಂತರು. ಅರ್ಧ ಸಾಲು ಮಂಕಾಗಿ ಅರ್ಧ ಹೊಳೆಯುತ್ತಿತ್ತು. “ನಾನೇ ಓದಿ ಒಣಗಿಸಿದೆ.”

ಮಸಿ ಒಣಗುವಾಗ ಶಬ್ದವಾಗುವುದಿಲ್ಲ.

“ನಿನ್ನ ಪುಸ್ತಕ ಒಂದು ಪ್ರತಿ ನನಗೆ ಬೇಕು” ಅಂದರು. “ಹಸಿದೇ ಕೊಡು. ಲೋಹಿತನ ತಂಗಿ ಈಗ ಅದೇ ಶಾಲೆಗೆ ಹೋಗ್ತಾಳೆ. ಅವನ ಕೈಲಿ ಓದಿಸ್ತೀನಿ.” ಆಮೇಲೆ, “ಹೆಬ್ಬಾವು ಮಾತ್ರ ತೆಗಿ” ಅಂದರು. ತೆಗೆಯುವುದಿಲ್ಲ ಅಂದೆ.

ಮರುದಿನ ಪರೀಕ್ಷಕರು ಬಂದರು. ದಪ್ಪಗಿನ ಪ್ರೊಫೆಸರು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಾಗಿಲ ಚೌಕಟ್ಟಿಗೆ ಒಮ್ಮೆ ಹಣೆ ಬಡಿದುಕೊಂಡ ಮೇಲೆ ಕುರ್ಚಿ ಸಿಕ್ಕಿತು. ಮೊದಲು ನಿರಂಜನನ ಉಪ್ಪಿನಕಾಯಿ ಪುಸ್ತಕ. ಊರಿನ ಹೆಂಗಸರು ಒಂದೇ ಮಧ್ಯಾಹ್ನದಲ್ಲಿ ಓದಿ ಒಣಗಿಸಿದ್ದ ಪುಸ್ತಕ ಅದು. ಪರೀಕ್ಷಕರು ಮೊದಲ ಪುಟ ಸವರಿ ಬೆರಳೆತ್ತಿದರೆ ಮಲ್ಲು ಕಪ್ಪಗಾಗಿತ್ತು. ಅವನು ಅಲ್ಲಿ ಒಂದು ಮುನ್ನುಡಿ ಬರೆದಿದ್ದ. ಎಲ್ಲರೂ ಅದನ್ನು ದಾಟಿ ನೇರ ಮಾವಿನಮಿಡಿಗೆ ಹೋಗಿದ್ದರು. ನಿರಂಜನ ಸ್ಟೂಲಿನ ಮೇಲೆ ಕೂತುಬಿಟ್ಟ. ಅವನಿಗೆ ಏನಾದರೂ ಅನ್ನಬೇಕೆಂದು ವರ್ಷದಿಂದ ಕಾದಿದ್ದವನು ನಾನು. ಹೋಗಿ ಒಂದು ಲೋಟ ನೀರು ಕೊಟ್ಟು ಬಂದೆ.

ಹೊಸ ಮಲ್ಲು ಸುತ್ತಿಕೊಂಡು ನನ್ನ ಪುಸ್ತಕ ಸವರಿದರು. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ದಸ್ತಗೀರ ಸಾಹೇಬರು ಸೂರು ನೋಡುತ್ತಿದ್ದರು. ಪರೀಕ್ಷಕರು ಬೆರಳೆತ್ತಿದರು. ಬೆಳ್ಳಗಿತ್ತು. ಎಂಟನೆಯದೂ ಬೆಳ್ಳಗೇ ಬಂತು.

ಅವರು ಕಣ್ಣಿನ ಬಟ್ಟೆ ಬಿಚ್ಚಿಕೊಂಡು, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, ಬೆನ್ನು ಅಗಲಿಸಿ ನೋಡಿದರು. “ಅಚ್ಚು ಚೆನ್ನಾಗಿದೆ. ಹೊಲಿಗೆ ಸಡಿಲ. ನಡುವಿನ ತೂತಿನಲ್ಲಿ ದಾರ ಎದ್ದಿದೆ ನೋಡಿ” ಅಂದರು.

ನನಗೆ ಕೋಪ ಬಂತು. ಊರೆಲ್ಲ ಹಲಗೆ ಹೊತ್ತು ಒಣಗಿಸಿ ತಂದ ಪುಸ್ತಕದಲ್ಲಿ ಇವರಿಗೆ ಕಂಡದ್ದು ದಾರ. ಹನ್ನೊಂದು ಎಂ.ಎ.ಗಳೂ ಮೇಜಿನ ಮೇಲಿದ್ದ ಮೊಳೆ ತಟ್ಟೆಗಳನ್ನು ಮೆಲ್ಲನೆ ನನ್ನಿಂದ ದೂರ ಸರಿಸಿದರು. ನಾನು ಪುಸ್ತಕ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದೆ. ದಾರ ಎದ್ದಿತ್ತು. ಒಂದು ಅಕ್ಕಿಕಾಳಿನಷ್ಟು.

“ಹೌದು ಸಾರ್, ಸಡಿಲ ಇದೆ” ಎಂದು ಯಾರೋ ಅಂದರು. ನಾನೇ.

ರಟ್ಟಿನಿಂದ ಹಾಳೆ ಬಿಡಿಸಿ, ಗಂಟು ಕತ್ತರಿಸಿ, ದಾರ ಎಳೆದು ಹಾಕಿದೆ. ಮಡಿಕೆ ಬಿಚ್ಚಿಕೊಂಡು ಹಾಳೆ ಮೇಜಿನ ಮೇಲೆ ಅಗಲವಾಗಿ ಹರಡಿಕೊಂಡಿತು. ಇಷ್ಟು ದಿನ ನಿಯಮಕ್ಕೆ ಹೆದರಿ ಓದದೆ ಇದ್ದ ಎಂ.ಎ.ಗಳು ಅದರ ಸುತ್ತ ಮುತ್ತಿಕೊಂಡರು. ನಾಗವೇಣಕ್ಕ ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿ ಮುಂದೆ ಬಂದು, ಏಳನೇ ಪುಟದ ಮೇಲೆ ಬಗ್ಗಿದರು.

“ಕೊಡ್ರಿ, ಹೊಲೀಬೇಕು” ಅಂದೆ.

“ಓದ್ಲಿ ತಡಿಯೋ” ಅಂದರು ದಸ್ತಗೀರ ಸಾಹೇಬರು. “ಸೋಮವಾರ ಎಂಟು ಗಂಟೆಗೆ ಬಂದು ಮಷಿನ್ನಿಗೆ ಎಣ್ಣೆ ಬಿಡೋದು ನಿನ್ನ ಕೆಲಸ. ಅಲ್ಲೀತನಕ ಅವಸರ ಏನಿದೆ?”

ನಾನು ಸೂಜಿಗೆ ದಾರ ಪೋಣಿಸುತ್ತ ನಿಂತೆ. ಮೂರು ಸಲ ತಪ್ಪಿತು.